ಕೇಸ್ ಶೀಟಿನ ಒಂದು ಸಾಲು: ನರ್ಸಿಂಗ್ ಅಸಿಸ್ಟೆಂಟ್ ಆಗಹೊರಟವರಿಗೆ ವಾರ್ಡಿನ ಭಾಷೆ

ಪಕ್ಕದ ಮನೆಯ ಹುಡುಗಿ ಪಿಯುಸಿ ಮುಗಿಸಿ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸಿಗೆ ಸೇರಿದ್ದಾಳೆ. ಕೆಲವು ವಾರ ಪಾಠ ಆದ ಮೇಲೆ ಮೊದಲ ಸಲ ವಾರ್ಡಿಗೆ ಕಳಿಸಿದ್ದರು. ಅವತ್ತು ಸಂಜೆ ನಮ್ಮ ಮನೆ ಜಗುಲಿಯಲ್ಲಿ ಕೂತು ನೋಟ್‌ಬುಕ್ ತೆರೆದಳು. ಒಂದು ಕೇಸ್ ಶೀಟಿನ ಸಾಲನ್ನು ಹಾಗೇ ಇಳಿಸಿಕೊಂಡು ಬಂದಿದ್ದಳು:

"60/ಎಫ್. ಕೆ/ಸಿ/ಒ ಡಿಎಂ, ಎಚ್‌ಟಿಎನ್. ಸಿ/ಒ ಪೇನ್ ಅಬ್ಡೊಮೆನ್ 2 ದಿನ. ಅಕ್ಯೂಟ್ ಕೋಲಿಸಿಸ್ಟೈಟಿಸ್. ಎನ್‌ಬಿಎಂ. ಐ/ಒ ಚಾರ್ಟ್. ಜಿಆರ್‌ಬಿಎಸ್ ಕ್ಯೂ6ಎಚ್."

"ಅಕ್ಕಾ, ನಂಗೆ ಇಂಗ್ಲಿಷ್ ಓದೋಕೆ ಬರುತ್ತೆ. ಆದ್ರೆ ಇದು ಇಂಗ್ಲಿಷೇ ಅಲ್ಲ ಅನ್ಸುತ್ತೆ" ಅಂದಳು.

ಅವಳು ಹೇಳಿದ್ದು ಸರಿ. ಅದರಲ್ಲಿ ಒಂದಿಷ್ಟು ಗ್ರೀಕ್, ಒಂದಿಷ್ಟು ಲ್ಯಾಟಿನ್, ಮಿಕ್ಕಿದ್ದು ಉದ್ದಕ್ಕೆ ಬರೆಯಲು ಪುರುಸೊತ್ತಿಲ್ಲದ ಡಾಕ್ಟರ ಗೀಚು. ರೋಗಿಯ ಹೆಸರನ್ನು ಮಾತ್ರ ಅವಳು ಬರೆದುಕೊಂಡಿರಲಿಲ್ಲ, ಒಳ್ಳೆಯದಾಯ್ತು. ಯಾರಿಗೆ ಯಾವ ಕಾಯಿಲೆ ಅನ್ನುವ ಸುದ್ದಿ ವಾರ್ಡಿನ ಬಾಗಿಲು ದಾಟಬಾರದು. ಈ ಕೆಲಸದ ಮೊದಲ ಪಾಠ ಅದು.

ಆ ಸಾಲನ್ನೇ ಇಟ್ಟುಕೊಂಡು ಒಂದೊಂದಾಗಿ ಬಿಡಿಸುತ್ತಾ ಹೋಗೋಣ. ಅದು ಪೂರ್ತಿ ಬಿಡಿಸಿಕೊಳ್ಳುವಷ್ಟರಲ್ಲಿ ವಾರ್ಡಿನ ಮಾತಿನಲ್ಲಿ ಮುಕ್ಕಾಲು ಪಾಲು ಅರ್ಥವಾಗಿರುತ್ತದೆ.

## ಜಿಡಿಎ ಅಂದರೆ ಯಾರು

ಜನರಲ್ ಡ್ಯೂಟಿ ಅಸಿಸ್ಟೆಂಟ್ ಅನ್ನುವುದು ಸರ್ಕಾರಿ ಕೌಶಲ ತರಬೇತಿ ಯೋಜನೆಗಳಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಕೆಲಸಕ್ಕೆ ಇಟ್ಟಿರುವ ಹೆಸರು. ಚಿಕ್ಕದಾಗಿ ಜಿಡಿಎ. ಕೆಲವೇ ತಿಂಗಳ ಕೋರ್ಸ್. ನರ್ಸ್ ಆಗುವ ದಾರಿ ಬೇರೆ: ಎಎನ್‌ಎಂ 2 ವರ್ಷ, ಜಿಎನ್‌ಎಂ 3 ವರ್ಷ, ಬಿಎಸ್‌ಸಿ ನರ್ಸಿಂಗ್ 4 ವರ್ಷ. ಅವರೆಲ್ಲ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರು.

ಜಿಡಿಎ ಇಂಜೆಕ್ಷನ್ ಕೊಡುವಂತಿಲ್ಲ. ಡ್ರಿಪ್ ಜೋರು ಮಾಡುವಂತಿಲ್ಲ, ನಿಧಾನ ಮಾಡುವಂತಿಲ್ಲ. ರೋಗಿಯ ಮನೆಯವರು ಎಷ್ಟು ಬೇಡಿಕೊಂಡರೂ ತಾನಾಗಿ ಒಂದು ಮಾತ್ರೆ ಕೊಡುವಂತಿಲ್ಲ. ಆದರೆ ಮೈ ಒರೆಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಕೊಡುವುದು, ಎಕ್ಸ್‌ರೇಗೆ ಕರೆದುಕೊಂಡು ಹೋಗುವುದು ಇದೆಲ್ಲ ಅವರದೇ. ಡಾಕ್ಟರು ರೌಂಡ್ಸಿಗೆ ಬಂದು ಐದು ನಿಮಿಷ ನಿಲ್ಲುತ್ತಾರೆ. ಸಿಸ್ಟರ್ ಕೈಯಲ್ಲಿ ಎಷ್ಟೋ ಹಾಸಿಗೆಗಳ ಕೆಲಸ ಇರುತ್ತದೆ. ರೋಗಿಯ ಪಕ್ಕದಲ್ಲಿ ಜಾಸ್ತಿ ಹೊತ್ತು ಇರುವವರು ಅಸಿಸ್ಟೆಂಟ್. ಹಾಗಾಗಿ ಏನಾದರೂ ಹೆಚ್ಚುಕಮ್ಮಿ ಆದರೆ ಮೊದಲು ಕಣ್ಣಿಗೆ ಬೀಳುವುದು ಅವರಿಗೇ. ಕಂಡಿದ್ದನ್ನು ಸರಿಯಾದ ಪದದಲ್ಲಿ ಹೇಳಲು ಬರಬೇಕು, ಅಷ್ಟೇ. ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಹೋಮ್ ಕೇರ್ ಕೆಲಸದಲ್ಲಂತೂ ಪಕ್ಕದಲ್ಲಿ ಕೇಳಲು ಸಿಸ್ಟರ್ ಕೂಡ ಇರುವುದಿಲ್ಲ.

## ಗೀಟು ಹಾಕಿ ಬರೆದ ಅಕ್ಷರಗಳು

60/ಎಫ್ ಅಂದರೆ 60 ವರ್ಷದ ಹೆಂಗಸು. ಗಂಡಸಾದರೆ ಎಂ.

ಸಿ/ಒ ಅಂದರೆ ಕಂಪ್ಲೇಂಟ್ಸ್ ಆಫ್. ಇದು ಪೊಲೀಸ್ ಕಂಪ್ಲೇಂಟ್ ಅಲ್ಲ. ರೋಗಿ ತಾನೇ ಬಾಯಿಬಿಟ್ಟು ಹೇಳಿದ ತೊಂದರೆ. ಇಲ್ಲಿ ಎರಡು ದಿನದಿಂದ ಹೊಟ್ಟೆನೋವು. ಎಚ್/ಒ ಅಂದರೆ ಹಿಸ್ಟರಿ ಆಫ್, ಹಿಂದೆ ಆಗಿದ್ದು. 'ಎಚ್/ಒ ಫಾಲ್' ಅಂದರೆ ಬಿದ್ದಿದ್ದರು. ಕೆ/ಸಿ/ಒ ಅಂದರೆ ನೋನ್ ಕೇಸ್ ಆಫ್, ಮೊದಲಿಂದಲೂ ಇದೆ ಎಂದು ಗೊತ್ತಿರುವ ಕಾಯಿಲೆ.

ಡಿಎಂ ಅಂದರೆ ಡಯಾಬಿಟಿಸ್ ಮೆಲಿಟಸ್, ಸಕ್ಕರೆ ಕಾಯಿಲೆ. ಮೆಲಿಟಸ್ ಅಂದರೆ ಲ್ಯಾಟಿನ್‌ನಲ್ಲಿ ಜೇನಿನಷ್ಟು ಸಿಹಿ. ನಮ್ಮ 'ಮಧುಮೇಹ'ದಲ್ಲಿರುವ ಮಧು ಕೂಡ ಜೇನೇ. ಮೂತ್ರ ಸಿಹಿಯಾಗುವುದನ್ನು ಎರಡೂ ಕಡೆಯ ಹಳೆಯ ವೈದ್ಯರು ಗಮನಿಸಿದ್ದರು. ಎಚ್‌ಟಿಎನ್ ಅಂದರೆ ಹೈಪರ್‌ಟೆನ್ಷನ್. ಟೆನ್ಷನ್ ಮಾಡಿಕೊಳ್ಳುವ ಸ್ವಭಾವ ಅಂತ ಬಹಳ ಜನ ತಿಳಿದಿದ್ದಾರೆ. ಅದಲ್ಲ. ರಕ್ತದ ಒತ್ತಡ ಜಾಸ್ತಿ ಅಂತ, ಅಂದರೆ ಜನ 'ಬಿಪಿ ಇದೆ' ಅನ್ನುತ್ತಾರಲ್ಲ, ಅದು.

ಇದೇ ಥರ ದಿನಾ ಕಾಣುವ ಇನ್ನಷ್ಟು: ಸಿವಿಎ ಅಂದರೆ ಮೆದುಳಿನ ಪಾರ್ಶ್ವವಾಯು, ಸ್ಟ್ರೋಕ್. ಯುಟಿಐ ಅಂದರೆ ಮೂತ್ರದ ಸೋಂಕು. ಆರ್‌ಟಿಎ ಅಂದರೆ ರಸ್ತೆ ಅಪಘಾತ. # ಗುರುತು ಕಂಡರೆ ಮೂಳೆ ಮುರಿದಿದೆ ಎಂದು ಅರ್ಥ, ಮೊಬೈಲಿನ ಹ್ಯಾಶ್‌ಟ್ಯಾಗ್ ಅಲ್ಲ.

ಇಲ್ಲೊಂದು ಗುಂಡಿ ಇದೆ. 'ಪಿಟಿ' ಅಂತ ಬರೆದಿದ್ದರೆ ಅದು ಪೇಷೆಂಟ್ ಇರಬಹುದು, ಫಿಸಿಯೋಥೆರಪಿ ಇರಬಹುದು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನುವ ಪರೀಕ್ಷೆಯೂ ಇರಬಹುದು. ಅಕ್ಷರ ಒಂದೇ, ಕೆಲಸ ಮೂರು. ಅನುಮಾನ ಬಂದರೆ ಸಿಸ್ಟರನ್ನು ಕೇಳುವುದೇ ಸರಿ. ಬೈದರೆ ಬೈಸಿಕೊಳ್ಳಿ.

ಇನ್ನು 'ಅಕ್ಯೂಟ್'. ಹೊಸಬರೆಲ್ಲ ಇದನ್ನು 'ತುಂಬಾ ಸೀರಿಯಸ್' ಎಂದು ಓದುತ್ತಾರೆ. ಅದರ ಅರ್ಥ ಧುತ್ತನೆ ಶುರುವಾಗಿದೆ ಅಂತ. ಬಹಳ ದಿನದಿಂದ ಇದ್ದರೆ ಕ್ರಾನಿಕ್. ಏಪ್ರಿಲ್ ಸಂಜೆ ಇದ್ದಕ್ಕಿದ್ದಂತೆ ಗುಡುಗಿ ಸುರಿದು ನಿಲ್ಲುವ ಮಳೆ ಅಕ್ಯೂಟ್, ಆಷಾಢದಲ್ಲಿ ಮಲೆನಾಡಿಗೆ ಹಿಡಿದ ಜಡಿಮಳೆ ಕ್ರಾನಿಕ್. ಯಾವುದು ಜಾಸ್ತಿ ಹಾನಿ ಮಾಡುತ್ತದೆ ಅನ್ನುವುದು ಬೇರೆ ಮಾತು. ನೆಗಡಿ ಕೂಡ ಅಕ್ಯೂಟೇ.

## ಬಸ್ಸಿನ ಬೋರ್ಡ್ ಓದಿದ ಹಾಗೆ ರೋಗದ ಹೆಸರು ಓದುವುದು

ಕೋಲಿಸಿಸ್ಟೈಟಿಸ್. ಈ ಪದ ನೋಡಿದರೆ ನಾಲಿಗೆ ತೊಡರುತ್ತದೆ. ಆದರೆ ಬೆಂಗಳೂರಿನ ಬಸ್ ಬೋರ್ಡು ಓದಲು ಬಂದರೆ ಇದನ್ನೂ ಓದಬಹುದು.

ಬೊಮ್ಮನಹಳ್ಳಿ, ಮಾರತಹಳ್ಳಿ, ಅರಕೆರೆ, ಸಿಂಗಸಂದ್ರ. ನೀವು ಆ ಕಡೆ ಹೋಗಿರದಿದ್ದರೂ ಹೆಸರಿನ ಬಾಲ ನೋಡಿ ಹೇಳುತ್ತೀರಿ: ಇದು ಹಳ್ಳಿ ಇತ್ತು, ಅದು ಕೆರೆ, ಇನ್ನೊಂದು ಸಮುದ್ರದಂಥ ದೊಡ್ಡ ಕೆರೆ. ಈಗ ಅಲ್ಲಿ ಬರೀ ಅಪಾರ್ಟ್‌ಮೆಂಟ್ ಇರಬಹುದು, ಆ ಮಾತು ಬೇರೆ. ವೈದ್ಯಕೀಯ ಪದಗಳೂ ಹಾಗೇ. ತಲೆ ಯಾವ ಅಂಗ ಎಂದು ಹೇಳುತ್ತದೆ, ಬಾಲ ಅದಕ್ಕೆ ಏನಾಗಿದೆ ಎಂದು ಹೇಳುತ್ತದೆ.

ಕೋಲಿ ಅಂದರೆ ಪಿತ್ತ. ಸಿಸ್ಟ್ ಅಂದರೆ ಚೀಲ. ಐಟಿಸ್ ಅಂದರೆ ಉರಿಯೂತ. ಸೇರಿಸಿದರೆ ಪಿತ್ತದ ಚೀಲದ ಉರಿಯೂತ. ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಕೆಳಗೆ ಪಿತ್ತಕೋಶ ಇರುತ್ತದೆ. ಕಲ್ಲು ಸಿಕ್ಕಿಕೊಂಡು ಅದು ಊದಿಕೊಳ್ಳುವುದೇ ಜಾಸ್ತಿ. ಆ ಅಮ್ಮನ ಹೊಟ್ಟೆನೋವಿಗೆ ಕಾರಣ ಅದೇ.

'ಉರಿಯೂತ' ಅನ್ನುವುದು ಎಷ್ಟು ಚೆನ್ನಾದ ಪದ ನೋಡಿ. ಉರಿ, ಊತ ಎರಡೂ ಅದರಲ್ಲೇ ಇವೆ. ಸುಮಾರು 2000 ವರ್ಷದ ಹಿಂದೆ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಲಕ್ಷಣ ಬರೆದಿಟ್ಟ: ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು. ಡ್ರಿಪ್ ಹಾಕಿದ ಕೈಯನ್ನು ನೋಡುವಾಗ ಈ ನಾಲ್ಕೇ ನೆನಪಿರಲಿ. ಸೂಜಿ ಚುಚ್ಚಿದ ಜಾಗ ಕೆಂಪಗೆ, ದಪ್ಪಗೆ, ಬಿಸಿಯಾಗಿ ಇದ್ದು ಮುಟ್ಟಿದರೆ ನೋವು ಅಂದರೆ ಸಿಸ್ಟರಿಗೆ ತಕ್ಷಣ ಹೇಳಬೇಕು. ಅದಕ್ಕೆ ಫ್ಲೆಬೈಟಿಸ್ ಎನ್ನುತ್ತಾರೆ. ಫ್ಲೆಬ್ ಅಂದರೆ ಹೃದಯಕ್ಕೆ ರಕ್ತ ವಾಪಸು ಒಯ್ಯುವ ರಕ್ತನಾಳ (ವೇನ್), ಉಳಿದದ್ದು ನಿಮಗೇ ಗೊತ್ತು.

ತಲೆಗಳಲ್ಲಿ ಒಂದು ಹತ್ತು ಗೊತ್ತಿದ್ದರೆ ಸಾಕು. ಕಾರ್ಡಿ ಹೃದಯ, ನ್ಯೂಮೋ ಶ್ವಾಸಕೋಶ ಅಥವಾ ಗಾಳಿ, ಗ್ಯಾಸ್ಟ್ರ್ ಹೊಟ್ಟೆ, ಹೆಪಟ್ ಲಿವರ್, ನೆಫ್ರ್ ಕಿಡ್ನಿ, ಆಸ್ಟಿಯೋ ಮೂಳೆ, ಆರ್ಥ್ರ್ ಕೀಲು, ನ್ಯೂರೋ ನರ, ಡರ್ಮ ಚರ್ಮ, ಹೆಮ ರಕ್ತ. ಇವಕ್ಕೆ ಐಟಿಸ್ ಬಾಲ ಅಂಟಿಸುತ್ತಾ ಹೋಗಿ: ಗ್ಯಾಸ್ಟ್ರೈಟಿಸ್, ಹೆಪಟೈಟಿಸ್, ನೆಫ್ರೈಟಿಸ್, ಆರ್ಥ್ರೈಟಿಸ್. ನಾಲ್ಕು ಪದ ಕಲಿತಾಯ್ತು, ಅಲ್ವಾ?

ಬಾಲಗಳಲ್ಲಿ ಒಂದೇ ಥರ ಕೇಳಿಸುವ ಮೂರು ಇವೆ, ಇವುಗಳ ಹತ್ತಿರ ಸ್ವಲ್ಪ ಹುಷಾರು. ಎಕ್ಟಮಿ ಅಂದರೆ ಕತ್ತರಿಸಿ ತೆಗೆಯುವುದು. ಕೋಲಿಸಿಸ್ಟೆಕ್ಟಮಿ ಆದರೆ ಪಿತ್ತಕೋಶ ಹೋಯಿತು. ಆಟಮಿ ಅಂದರೆ ಬರೀ ಕೊಯ್ದು ತೆರೆಯುವುದು. ಲ್ಯಾಪರಾಟಮಿ ಅಂದರೆ ಹೊಟ್ಟೆ ತೆರೆದು ನೋಡುವ ಆಪರೇಷನ್. ಆಸ್ಟಮಿ ಅಂದರೆ ಹೊರಕ್ಕೆ ಬಾಯಿ ಮಾಡಿ ಬಿಡುವುದು. ಕೊಲಾಸ್ಟಮಿ ಆದವರ ಹೊಟ್ಟೆಯ ಮೇಲೆ ದೊಡ್ಡ ಕರುಳಿನ ಬಾಯಿ ಇರುತ್ತದೆ. ಮಲ ಅಲ್ಲಿಂದ ಒಂದು ಚೀಲಕ್ಕೆ ಬೀಳುತ್ತದೆ. ಟ್ರೇಕಿಯಾಸ್ಟಮಿ ಆದವರು ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತಾರೆ. ಅವರಿಗೆ ಸ್ನಾನ ಮಾಡಿಸುವಾಗ ಆ ತೂತಿಗೆ ಒಂದು ಹನಿ ನೀರು ಹೋದರೂ ಅದು ಸೀದಾ ಶ್ವಾಸನಾಳಕ್ಕೇ. ಬಾಲ ಅರ್ಥವಾಗಿದ್ದರೆ ಕೈ ತಾನಾಗಿ ಹುಷಾರಾಗುತ್ತದೆ.

ಪದದ ಮುಂದೆ ಸೇರುವ ತುಂಡುಗಳಲ್ಲಿ ಹೈಪರ್ ಅಂದರೆ ಜಾಸ್ತಿ, ಹೈಪೋ ಅಂದರೆ ಕಮ್ಮಿ. ಟ್ಯಾಕಿ ಅಂದರೆ ವೇಗ, ಬ್ರಾಡಿ ಅಂದರೆ ನಿಧಾನ. ಡಿಸ್ ಅಂದರೆ ಕಷ್ಟ: ಡಿಸ್‌ನಿಯಾ ಅಂದರೆ ಉಸಿರಾಡಲು ಕಷ್ಟ, ಡಿಸ್‌ಫೇಜಿಯಾ ಅಂದರೆ ನುಂಗಲು ಕಷ್ಟ. ಡಿಸ್‌ಫೇಜಿಯಾ ಎಂದು ಬರೆದಿರುವವರಿಗೆ ಮಲಗಿಸಿ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು.

ಹೈಪರ್, ಹೈಪೋ ಫೋನಿನಲ್ಲಿ ಅಥವಾ ಗದ್ದಲದ ವಾರ್ಡಿನಲ್ಲಿ ಒಂದೇ ಥರ ಕೇಳಿಸುತ್ತವೆ. ಹೈಪೋಗ್ಲೈಸೀಮಿಯಾ ಅಂದರೆ ರಕ್ತದಲ್ಲಿ ಸಕ್ಕರೆ ಕಮ್ಮಿ. ಸಾಮಾನ್ಯವಾಗಿ 70ಕ್ಕಿಂತ ಕೆಳಗೆ ಇಳಿದರೆ ಹಾಗೆನ್ನುತ್ತಾರೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತಡವರಿಸುತ್ತದೆ. ಹೈಪರ್ ಅದಕ್ಕೆ ಪೂರ್ತಿ ಉಲ್ಟಾ. 'ಸಿಸ್ಟರ್, ಹೈಪೋ' ಎಂದು ಕೂಗುವುದಕ್ಕಿಂತ 'ಬೆಡ್ 7, ಶುಗರ್ 58' ಅನ್ನುವುದು ವಾಸಿ. ಅಂಕಿ ತಪ್ಪಾಗಿ ಕೇಳಿಸುವುದು ಕಮ್ಮಿ.

ಸಾಲಿನಲ್ಲಿದ್ದ ಜಿಆರ್‌ಬಿಎಸ್ ಅದೇ. ಗ್ಲೂಕೋಮೀಟರಿನಲ್ಲಿ, ಊಟದ ಹೊತ್ತು ನೋಡದೆ, ಬೆರಳು ಚುಚ್ಚಿ ನೋಡುವ ಶುಗರ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ ಎಫ್‌ಬಿಎಸ್, ಊಟವಾಗಿ ಎರಡು ಗಂಟೆ ಬಿಟ್ಟು ನೋಡಿದರೆ ಪಿಪಿಬಿಎಸ್.

## ಚೀಟಿಯಲ್ಲಿರುವ ಲ್ಯಾಟಿನ್

ಕ್ಯೂ6ಎಚ್ ಅಂದರೆ ಆರು ಗಂಟೆಗೊಮ್ಮೆ. ಕ್ಯೂ ಅನ್ನುವುದು 'ಪ್ರತಿ' ಎನ್ನುವ ಲ್ಯಾಟಿನ್ ಪದದ ಮೊದಲಕ್ಷರ. ಔಷಧದ ಚೀಟಿಯ ತುಂಬಾ ಇಂಥವೇ. ಬಿಡಿ ಅಂದರೆ ದಿನಕ್ಕೆ ಎರಡು ಸಲ, ಟಿಡಿಎಸ್ ಮೂರು ಸಲ, ಕ್ಯೂಐಡಿ ನಾಲ್ಕು ಸಲ, ಎಚ್‌ಎಸ್ ಮಲಗುವ ಹೊತ್ತಿಗೆ. ಸಂಬಳದಲ್ಲಿ ಹಿಡಿಯುವ ಟಿಡಿಎಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಎಸ್‌ಒಎಸ್ ಎಂದು ಕಂಡರೆ ಗಾಬರಿ ಬೇಡ. ಅದು ಮುಳುಗುವ ಹಡಗಿನ ಕೂಗಲ್ಲ, 'ಬೇಕಾದರೆ ಮಾತ್ರ' ಅಂತ. ನಿಜವಾಗಿ ಓಡಬೇಕಾದ್ದು ಸ್ಟಾಟ್ ಎಂದು ಬರೆದಾಗ. ಈಗಲೇ, ಈ ಕ್ಷಣವೇ ಅಂತ ಅದರರ್ಥ.

ಒಡಿ ಅಂದರೆ ನಮ್ಮಲ್ಲಿ ದಿನಕ್ಕೆ ಒಂದು ಸಲ. ಆದರೆ ಕಣ್ಣಿನ ವಾರ್ಡಿನಲ್ಲಿ ಅದೇ ಒಡಿ ಬಲಗಣ್ಣು. ಇಂಥ ಗೊಂದಲ ತಪ್ಪಿಸಲೆಂದೇ ಬಹಳ ಡಾಕ್ಟರು 1-0-1 ಎಂದು ಬರೆಯುತ್ತಾರೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಲ್ಯಾಟಿನ್ ಬಾರದ ನಮ್ಮಜ್ಜಿಗೂ ಅದು ಅರ್ಥವಾಗುತ್ತಿತ್ತು.

ಎನ್‌ಬಿಎಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಲ್ ಬೈ ಮೌತ್, ಬಾಯಿಗೆ ಏನೂ ಇಲ್ಲ. ಕೆಲವು ಕಡೆ ಎನ್‌ಪಿಒ ಎಂದೂ ಬರೆಯುತ್ತಾರೆ. ಕೆಲವು ವರ್ಷದ ಹಿಂದೆ ನಮ್ಮ ದೊಡ್ಡಮ್ಮನಿಗೆ ಒಂದು ಆಸ್ಪತ್ರೆಯಲ್ಲಿ ಬೆಳಿಗ್ಗೆ 9 ಗಂಟೆಗೆ ಆಪರೇಷನ್ ಇತ್ತು. ಹಾಸಿಗೆಯ ತಲೆಯ ಹತ್ತಿರ ಎನ್‌ಬಿಎಂ ಎಂದು ಬರೆದ ರಟ್ಟು ತೂಗುಹಾಕಿದ್ದರು. ರಾತ್ರಿ 'ಏನೂ ಕೊಡಬೇಡಿ' ಎಂದೂ ಹೇಳಿದ್ದರು. ನಮ್ಮ ತಲೆಯಲ್ಲಿ 'ಏನೂ' ಅಂದರೆ ಊಟ, ತಿಂಡಿ. ಬೆಳಿಗ್ಗೆ ಆರೂವರೆಗೆ ದೊಡ್ಡಮ್ಮ ತಲೆನೋವು ಅಂದರು. ನಾನೇ ಕೆಳಗೆ ಹೋಗಿ ಫ್ಲಾಸ್ಕಿನಲ್ಲಿ ಕಾಫಿ ತಂದು ಅರ್ಧ ಲೋಟ ಕುಡಿಸಿದೆ. ಕಾಫಿ ಊಟ ಅಲ್ಲವಲ್ಲ! ಎಂಟು ಗಂಟೆಗೆ ಅನಸ್ತೇಷಿಯಾ ಡಾಕ್ಟರು ಬಂದು ಕೇಳಿದರು, ಹೇಳಿದೆ. ಅವತ್ತಿನ ಆಪರೇಷನ್ ಮುಂದಕ್ಕೆ ಹೋಯ್ತು. ದೊಡ್ಡಮ್ಮ ಇನ್ನೊಂದು ದಿನ ಉಪವಾಸ ಮಾಡಬೇಕಾಯ್ತು.

ಯಾಕೆ ಇಷ್ಟು ಕಟ್ಟುನಿಟ್ಟು? ಎಚ್ಚರ ಇದ್ದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದರೆ ಕೆಮ್ಮುತ್ತೇವೆ, ಉಗುಳುತ್ತೇವೆ. ಅನಸ್ತೇಷಿಯಾ ಕೊಟ್ಟಾಗ ಆ ಕೆಮ್ಮೇ ಇರುವುದಿಲ್ಲ. ಮೇಲೆ ಬಂದಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಇದಕ್ಕೆ ಆಸ್ಪಿರೇಷನ್ ಅನ್ನುತ್ತಾರೆ, ಜೀವಕ್ಕೇ ಅಪಾಯ. ಹಾಲು ಹಾಕಿದ ಕಾಫಿ ಹೊಟ್ಟೆಯಲ್ಲಿ ನೀರಿನಷ್ಟು ಬೇಗ ಕರಗುವುದಿಲ್ಲ. ಅದನ್ನು ಲಘು ಆಹಾರದ ಲೆಕ್ಕಕ್ಕೇ ಹಿಡಿದು ಸಾಮಾನ್ಯವಾಗಿ ಆರು ಗಂಟೆ ಬಿಡಬೇಕು ಅನ್ನುತ್ತಾರೆ. ಬರೀ ನೀರಿಗೆ ಎರಡು ಗಂಟೆ. ಆದರೆ ಆ ಎರಡು ಗಂಟೆಯ ಲೆಕ್ಕ ಡಾಕ್ಟರದ್ದು, ನಮ್ಮದಲ್ಲ. ಅಸಿಸ್ಟೆಂಟ್ ಆದವರು ರಟ್ಟು ತೂಗುಹಾಕಿ ಸುಮ್ನೆ ಹೋಗಬಾರದು. 'ಕಾಫಿ, ಟೀ, ಎಳನೀರು, ತೀರ್ಥ, ಏನೂ ಬೇಡ. ಕೇಳದೆ ಒಂದು ಗುಟುಕು ನೀರೂ ಬೇಡ' ಎಂದು ಪಟ್ಟಿ ಮಾಡಿ ಹೇಳಬೇಕು. ತೀರ್ಥ ಎಂದು ಬಿಡಿಸಿ ಹೇಳದಿದ್ದರೆ ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

## ಟಿಪಿಆರ್, ಬಿಪಿ, ಎಸ್‌ಪಿಒ2

ಇವಕ್ಕೆ ಒಟ್ಟಾಗಿ ವೈಟಲ್ಸ್ ಎನ್ನುತ್ತಾರೆ. ಟಿ ಅಂದರೆ ಮೈಬಿಸಿ, ಪಿ ಅಂದರೆ ನಾಡಿ, ಆರ್ ಅಂದರೆ ಉಸಿರು. ಇಲ್ಲಿ ಹೇಳುವ ಅಂಕಿ ಎಲ್ಲ ದೊಡ್ಡವರಿಗೆ. ಮಕ್ಕಳ ಲೆಕ್ಕ ಬೇರೆ.

ಮೈಬಿಸಿ ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 37 ಡಿಗ್ರಿ ಸೆಲ್ಸಿಯಸ್. 100.4 ದಾಟಿದರೆ ಜ್ವರ. ಕಂಕುಳಲ್ಲಿ ಇಟ್ಟರೆ ಬಾಯಿಯಲ್ಲಿ ಇಟ್ಟಿದ್ದಕ್ಕಿಂತ ಸ್ವಲ್ಪ ಕಮ್ಮಿ ತೋರಿಸುತ್ತದೆ, ಹಾಗಾಗಿ ಎಲ್ಲಿಟ್ಟು ನೋಡಿದ್ದು ಎಂದೂ ಬರೆಯಬೇಕು. ನಾಡಿ ನಿಮಿಷಕ್ಕೆ 60ರಿಂದ 100. ಅದಕ್ಕಿಂತ ಜಾಸ್ತಿ ಆದರೆ ಟ್ಯಾಕಿಕಾರ್ಡಿಯಾ, ಕಮ್ಮಿ ಆದರೆ ಬ್ರಾಡಿಕಾರ್ಡಿಯಾ. ಪದ ಒಡೆದು ನೋಡಿ, ಸರಿಯಾಗಿದೆಯಲ್ಲ.

ಉಸಿರು ನಿಮಿಷಕ್ಕೆ 12ರಿಂದ 20. ಎಣಿಸುವುದರಲ್ಲಿ ಒಂದು ಉಪಾಯ ಇದೆ. 'ಉಸಿರು ಎಣಿಸ್ತೀನಿ' ಎಂದು ಹೇಳಿದರೆ ಯಾರ ಉಸಿರೂ ಮಾಮೂಲಾಗಿ ಇರುವುದಿಲ್ಲ. ಈಗ ಇದನ್ನು ಓದುತ್ತಿರುವ ನಿಮ್ಮದೂ ಬದಲಾಗಿರಬಹುದು. ಅದಕ್ಕೇ ಹಳೆಯ ಸಿಸ್ಟರುಗಳು ನಾಡಿ ಹಿಡಿದು ಎಣಿಸಿ ಮುಗಿಸಿದ ಮೇಲೂ ಕೈ ಬಿಡುವುದಿಲ್ಲ. ಮಣಿಕಟ್ಟು ಹಿಡಿದಂತೆಯೇ ಎದೆ ಏರಿಳಿಯುವುದನ್ನು ಇನ್ನೊಂದು ನಿಮಿಷ ನೋಡುತ್ತಾರೆ.

ಬಿಪಿಯಲ್ಲಿ ಎರಡು ಅಂಕಿ ಯಾಕೆ? ತೋಟಕ್ಕೆ ನೀರು ಬಿಡುವ ಪೈಪನ್ನು ನೆನೆಯಿರಿ. ಮೋಟರ್ ಒತ್ತಿದಾಗ ಪೈಪ್ ಬಿಗಿಯಾಗುತ್ತದೆ, ಬಿಟ್ಟಾಗ ಸಡಿಲವಾಗುತ್ತದೆ, ಆದರೂ ಒಳಗೆ ನೀರಿನ ಒತ್ತಡ ಸ್ವಲ್ಪ ಉಳಿದಿರುತ್ತದೆ. ಹೃದಯ ಹಿಂಡಿದಾಗಿನ ಒತ್ತಡ ಸಿಸ್ಟೋಲಿಕ್, ಮೇಲಿನ ಅಂಕಿ. ಸಡಿಲಬಿಟ್ಟಾಗ ಉಳಿಯುವುದು ಡಯಾಸ್ಟೋಲಿಕ್, ಕೆಳಗಿನದು. 120/80 ಅನ್ನುವುದು ಎಲ್ಲರೂ ಕೇಳಿದ ಅಂಕಿ. ರೋಗಿ ಮೆಟ್ಟಿಲು ಹತ್ತಿ ಬಂದ ತಕ್ಷಣ ನೋಡಬೇಡಿ, ಐದು ನಿಮಿಷ ಕೂರಿಸಿ. ಕೈ ಎದೆಯ ಮಟ್ಟಕ್ಕೆ ಇರಲಿ. ಸ್ವೆಟರ್ ತೋಳಿನ ಮೇಲೆ ಪಟ್ಟಿ ಕಟ್ಟಬೇಡಿ. ಡಯಾಲಿಸಿಸ್‌ಗೆಂದು ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಕೈಯಲ್ಲಿ ಬಿಪಿ ನೋಡಲೇಬಾರದು. ಆ ರಕ್ತನಾಳ ಹಾಳಾದರೆ ಅವರ ಡಯಾಲಿಸಿಸ್‌ಗೇ ಕುತ್ತು.

ಎಸ್‌ಪಿಒ2, ಅಂದರೆ ಬೆರಳಿಗೆ ಕ್ಲಿಪ್ ಹಾಕಿ ನೋಡುವ ರಕ್ತದ ಆಕ್ಸಿಜನ್ ಮಟ್ಟ, ಕೋವಿಡ್ ಕಾಲದಲ್ಲಿ ಮನೆಮಾತಾಯಿತು. ಆರೋಗ್ಯವಂತರಿಗೆ 95ರ ಮೇಲೆ ಇರುತ್ತದೆ. 82 ತೋರಿಸಿತೆಂದು ಕಿರುಚುವ ಮೊದಲು ರೋಗಿಯ ಮುಖ ನೋಡಿ. ಆರಾಮಾಗಿ ಮಾತಾಡುತ್ತಿದ್ದರೆ ಉಗುರಿಗೆ ನೇಲ್ ಪಾಲಿಶ್ ಇದೆಯಾ, ಬೆರಳು ತಣ್ಣಗಿದೆಯಾ ನೋಡಿ ಇನ್ನೊಂದು ಬೆರಳಿಗೆ ಹಾಕಿ. ಏದುಸಿರು ಬಿಡುತ್ತಿದ್ದರೆ ಎರಡನೇ ಬೆರಳಿನ ತನಕ ಕಾಯಬೇಡಿ, ಸಿಸ್ಟರನ್ನು ಕರೆಯಿರಿ.

## ಒಳಗೆ ಹೋಗಿದ್ದು, ಹೊರಗೆ ಬಂದಿದ್ದು

ಐ/ಒ ಅಂದರೆ ಇನ್‌ಟೇಕ್, ಔಟ್‌ಪುಟ್. ಕಿರಾಣಿ ಅಂಗಡಿಯ ಜಮಾ ಖರ್ಚಿನ ಪುಸ್ತಕದ ಹಾಗೆ. ಜಮಾ ಕಡೆ ಡ್ರಿಪ್, ನೀರು, ಗಂಜಿ, ಸಾರು. ಖರ್ಚಿನ ಕಡೆ ಮೂತ್ರ, ವಾಂತಿ, ಡ್ರೈನ್ ಪೈಪಿನಲ್ಲಿ ಬಂದಿದ್ದು. ಎಲ್ಲವೂ ಮಿಲಿಲೀಟರಿನಲ್ಲಿ. 'ಒಂದು ಲೋಟ' ಎಂದು ಬರೆದರೆ ಯಾರ ಮನೆ ಲೋಟ? ಮೊದಲ ದಿನವೇ ವಾರ್ಡಿನ ಲೋಟಕ್ಕೆ ಎಷ್ಟು ಹಿಡಿಯುತ್ತದೆ ಎಂದು ಅಳೆದಿಟ್ಟುಕೊಳ್ಳಿ.

ಮೂತ್ರದ ಲೆಕ್ಕ ಯಾಕೆ ಇಷ್ಟು ಮುಖ್ಯ ಅಂದರೆ, ಮೈಯಲ್ಲಿ ನೀರು ಕಮ್ಮಿಯಾದಾಗ, ಬಿಪಿ ಬಿದ್ದಾಗ, ಕಿಡ್ನಿ ತಕ್ಷಣ ಮೂತ್ರವನ್ನು ಕಮ್ಮಿ ಮಾಡುತ್ತದೆ. ದೊಡ್ಡವರಲ್ಲಿ ಗಂಟೆಗೆ, ಮೈತೂಕದ ಒಂದು ಕಿಲೋಗೆ ಕನಿಷ್ಠ ಅರ್ಧ ಮಿಲಿಲೀಟರ್ ಬರಬೇಕು. 60 ಕಿಲೋ ಇರುವವರಿಗೆ ಗಂಟೆಗೆ 30.

ಮೂತ್ರಕ್ಕೆ ಹಾಕುವ ನಳಿಕೆ ಫೋಲೀಸ್ ಕ್ಯಾತಿಟರ್, ಅದರ ತುದಿಯ ಚೀಲ ಯೂರೋಬ್ಯಾಗ್. ಮೂಗಿನಿಂದ ಹೊಟ್ಟೆಗೆ ಇಳಿಸುವುದು ರೈಲ್ಸ್ ಟ್ಯೂಬ್. ಎರಡೂ ಮಾಡಿದ ಡಾಕ್ಟರ ಹೆಸರುಗಳು. ಯೂರೋಬ್ಯಾಗ್ ಯಾವತ್ತೂ ಸೊಂಟಕ್ಕಿಂತ ಕೆಳಗೇ ಇರಬೇಕು. ವೀಲ್‌ಚೇರಿನಲ್ಲಿ ಕರೆದೊಯ್ಯುವಾಗ ರೋಗಿಯ ಮಡಿಲಲ್ಲಿ ಇಡುತ್ತಾರಲ್ಲ, ಅದು ತಪ್ಪು. ಚೀಲದ ಮೂತ್ರ ವಾಪಸು ಒಳಗೆ ಹರಿದು ಸೋಂಕು ತರುತ್ತದೆ.

ಜಮಾ ಕಡೆಯ ಒಂದು ತಪ್ಪು ತಿಳುವಳಿಕೆ: ನಮ್ಮಲ್ಲಿ ಯಾವ ಡ್ರಿಪ್ ಹಾಕಿದರೂ 'ಗ್ಲೂಕೋಸ್ ಹಾಕಿದ್ದಾರೆ' ಅನ್ನುತ್ತಾರೆ. ಸಕ್ಕರೆ ಕಾಯಿಲೆಯವರ ಮನೆಯವರು ಅದಕ್ಕೆ ಹೆದರುತ್ತಾರೆ. ಬಾಟಲಿಯ ಮೇಲೆ ಎನ್‌ಎಸ್ ಎಂದಿದ್ದರೆ ಅದು ಬರೀ ಉಪ್ಪುನೀರು, 0.9 ಶೇಕಡಾ. ಆರ್‌ಎಲ್ ಅಂದರೆ ರಿಂಗರ್ ಲ್ಯಾಕ್ಟೇಟ್, ಅದರಲ್ಲೂ ಗ್ಲೂಕೋಸ್ ಇಲ್ಲ. ಡಿಎನ್‌ಎಸ್‌ನ 'ಡಿ' ಮಾತ್ರ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್.

'ಮೋಷನ್ ಆಯ್ತಾ?' ಎಂದು ಕೇಳಿದರೆ ಎಷ್ಟೋ ಅಜ್ಜಂದಿರಿಗೆ ಅರ್ಥವಾಗುವುದಿಲ್ಲ, ಗೊತ್ತಾಗದೆ ಹೂಂ ಅಂದುಬಿಡುತ್ತಾರೆ. 'ಎರಡಕ್ಕೆ ಹೋದ್ರಾ ತಾತ?' ಅಂದರೆ ಸರಿಯಾದ ಉತ್ತರ ಸಿಗುತ್ತದೆ. ಚಾರ್ಟಿನಲ್ಲಿ ಬರೆಯುವುದು ಒಂದು ಭಾಷೆ, ಹಾಸಿಗೆಯ ಪಕ್ಕ ಆಡುವುದು ಇನ್ನೊಂದು. ಈ ಕೆಲಸಕ್ಕೆ ಎರಡೂ ಬೇಕು.

## ಕೇಳಿದ ಕನ್ನಡವನ್ನು ಹಾಗೇ ದಾಟಿಸುವುದು

ರೋಗಿ ಹೇಳುವ ಪದಕ್ಕೆ ನಾವೇ ವೈದ್ಯಕೀಯ ಹೆಸರು ಅಂಟಿಸುವುದು ಅಪಾಯ. 'ಮೂರ್ಛೆ ಬಂತು' ಅಂದರೆ ಕೆಲವರಿಗೆ ಕಣ್ಣು ಕತ್ತಲೆ ಬಂದು ಬಿದ್ದಿದ್ದು, ಕೆಲವರಿಗೆ ಕೈಕಾಲು ಸೆಟೆದು ಫಿಟ್ಸ್ ಬಂದಿದ್ದು. ಡಾಕ್ಟರಿಗೆ ಇವೆರಡೂ ಬೇರೆಬೇರೆ ಕಾಯಿಲೆ. ಕೈಕಾಲು ಬಡಿದರಾ, ಬಾಯಲ್ಲಿ ನೊರೆ ಬಂತಾ, ಎಷ್ಟು ನಿಮಿಷ, ಬಟ್ಟೆಯಲ್ಲೇ ಮೂತ್ರ ಹೋಯ್ತಾ, ಕಂಡಿದ್ದನ್ನು ಅಷ್ಟೇ ಹೇಳಿ. ರೋಗಿ ಹೇಳಿದ್ದು ಸಿಂಪ್ಟಮ್, ನೀವು ಕಂಡಿದ್ದು ಅಥವಾ ಅಳೆದಿದ್ದು ಸೈನ್. ಎರಡನ್ನೂ ಕಲಸಬಾರದು.

ಇನ್ನೊಂದು ನಮ್ಮ ರಾಷ್ಟ್ರೀಯ ಕಾಯಿಲೆ, 'ಗ್ಯಾಸ್'. ಎದೆ ಹಿಡಿದುಕೊಂಡು, ಬೆವರುತ್ತಾ, 'ಏನಿಲ್ಲಮ್ಮ, ಗ್ಯಾಸು' ಅನ್ನುವವರು ತುಂಬಾ. ಉತ್ತರ ಕರ್ನಾಟಕದವರಾದರೆ 'ಎದಿ ಹಿಡದಂಗ ಆಗೈತ್ರಿ' ಅನ್ನಬಹುದು. 'ಗ್ಯಾಸಂತೆ ಸಿಸ್ಟರ್' ಎಂದು ಹೇಳಿ ಬಿಡಬೇಡಿ. 'ಎದೆ ಹಿಡಿದ ಹಾಗಿದೆಯಂತೆ, ಬೆವರ್ತಿದ್ದಾರೆ' ಅನ್ನಿ. ಹೃದಯಾಘಾತ ಹೀಗೂ ಬರುತ್ತದೆ.

ಮನೆಯವರನ್ನು ದಾರಿ ತಪ್ಪಿಸುವ ಪದಗಳೂ ಇವೆ. ರಿಪೋರ್ಟ್ 'ನೆಗೆಟಿವ್' ಅಂದರೆ ಹುಡುಕಿದ್ದು ಸಿಗಲಿಲ್ಲ ಅಂತ, ಬಹಳ ಸಲ ಅದು ಒಳ್ಳೆ ಸುದ್ದಿ. 'ಸ್ಟೇಬಲ್' ಅಂದರೆ ವಾಸಿಯಾಯಿತು ಅಂತಲ್ಲ, ಸದ್ಯಕ್ಕೆ ಏರುಪೇರಿಲ್ಲ ಅಂತ. 'ಡಿಸ್ಚಾರ್ಜ್' ಅಂದರೆ ಮನೆಗೆ ಕಳಿಸುವುದೂ ಹೌದು, ಗಾಯದಿಂದ ಸೋರುವ ಕೀವೂ ಹೌದು. ಡಾಕ್ಟರ ಮಾತು ಮೀರಿ ಮನೆಯವರು ಕರೆದುಕೊಂಡು ಹೋದರೆ ಅದನ್ನು 'ಲಾಮಾ' ಎಂದು ಬರೆಯುತ್ತಾರೆ.

## ಮಗ್ಗುಲು, ಬಕೆಟ್ಟು

ಸುಪೈನ್ ಅಂದರೆ ಅಂಗಾತ, ಪ್ರೋನ್ ಅಂದರೆ ಬೋರಲು, ಲ್ಯಾಟರಲ್ ಅಂದರೆ ಮಗ್ಗುಲು. ಫೌಲರ್ಸ್ ಅಂದರೆ ಬೆನ್ನು ಎತ್ತರಿಸಿ ಕೂರಿಸಿದ ಹಾಗೆ. ಉಸಿರಾಟದ ತೊಂದರೆಯವರಿಗೆ ಇದು ಹಿತ. ತಾನಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು ಅನ್ನುವುದು ಕೋರ್ಸಿನಲ್ಲಿ ಕಲಿಸುವ ಲೆಕ್ಕ. ಇಲ್ಲದಿದ್ದರೆ ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಮೂಳೆಯ ಮೇಲೆ ಬೆಡ್‌ಸೋರ್ ಏಳುತ್ತದೆ. ಚರ್ಮ ಮೊದಲು ಬರೀ ಕೆಂಪಾಗುತ್ತದೆ. ಒತ್ತಿದರೂ ಆ ಕೆಂಪು ಹೋಗದಿದ್ದರೆ ಅದೇ ಶುರು.

ಕಸದ ಬಣ್ಣಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಬಂದಿವೆ. ರಕ್ತ ಅಂಟಿದ ಹತ್ತಿ, ಡ್ರೆಸಿಂಗ್ ಹಳದಿಗೆ. ಯೂರೋಬ್ಯಾಗ್, ಡ್ರಿಪ್ ಪೈಪು, ಗ್ಲೌಸ್ ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ. ಗಾಜು ನೀಲಿಗೆ. ಊಟದ ಎಲೆ, ಬಾಳೆಹಣ್ಣಿನ ಸಿಪ್ಪೆ ಇವುಗಳಲ್ಲಿ ಯಾವುದಕ್ಕೂ ಅಲ್ಲ.

## ಹ್ಯಾಂಡೋವರ್

ಶಿಫ್ಟ್ ಮುಗಿಯುವಾಗ ಮುಂದಿನವರಿಗೆ ಒಪ್ಪಿಸುವ ಮಾತು ಹ್ಯಾಂಡೋವರ್. ಯಾವ ಬೆಡ್, ಏನು ಕಾಯಿಲೆ, ಏನು ಬದಲಾಯಿತು, ಏನು ಬಾಕಿ ಇದೆ. ಪದ ಕಲಿತಿದ್ದು ಕೆಲಸಕ್ಕೆ ಬರುವುದು ಇಲ್ಲೇ.

ಹುಡುಗಿ ಎರಡು ದಿನ ಬಿಟ್ಟು ಮತ್ತೆ ಜಗುಲಿಗೆ ಬಂದಳು. ಅದೇ 60/ಎಫ್. ಮಧ್ಯಾಹ್ನ ಶಿಫ್ಟ್ ಬದಲಾಗುವ ಹೊತ್ತಿಗೆ ಯೂರೋಬ್ಯಾಗ್ ನೋಡಿದಳಂತೆ. ಬೆಳಿಗ್ಗೆ ಖಾಲಿ ಮಾಡಿ ನಾಲ್ಕು ಗಂಟೆಯಾಗಿತ್ತು. ರೋಗಿ ನಿದ್ದೆಯಲ್ಲಿದ್ದರು, ಮುಖ ಶಾಂತವಾಗಿತ್ತು, ಯಾರೂ ಏನೂ ದೂರು ಹೇಳಿರಲಿಲ್ಲ.

"ಏನಂತ ಹೇಳಿದೆ?" ಅಂದೆ.

"ಬೆಡ್ 7, ಎನ್‌ಬಿಎಂ, ಡ್ರಿಪ್ ಓಡ್ತಾ ಇದೆ. ಯೂರಿನ್ ನಾಲ್ಕು ಗಂಟೆಗೆ 60 ಎಂಎಲ್, ಬಣ್ಣ ಗಾಢ. ಪೈಪ್ ಎಲ್ಲೂ ಮಡಚಿಲ್ಲ, ನೋಡಿದೀನಿ ಅಂದೆ. ಸಿಸ್ಟರ್ ಕುರ್ಚಿಯಿಂದ ಎದ್ದು ಸೀದಾ ಡಾಕ್ಟರಿಗೆ ಫೋನ್ ಮಾಡಿದ್ರು ಅಕ್ಕಾ."